ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಎಲ್ಲ ಮಕ್ಕಳೂ ಒಂದೇ ತಂಡದಲ್ಲಿ ಆಡುವುದು ಹೇಗೆ?

ಆಗಸ್ಟ್ ಹತ್ತಿರ ಬಂತೆಂದರೆ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ವಲಯ ಮಟ್ಟದ ಕ್ರೀಡಾಕೂಟದ ತಾಲೀಮು ಶುರು. ಸಂಜೆ ನಾಲ್ಕರ ಮೇಲೆ ಸುಣ್ಣದ ಗೆರೆ ಎಳೆದ ಮೈದಾನದಲ್ಲಿ ಖೋಖೋ, ಕಬಡ್ಡಿ, ವಾಲಿಬಾಲ್. ಲಿಂಗಸುಗೂರು ರಸ್ತೆಯ ಒಂದು ಹಳ್ಳಿ ಶಾಲೆಯಲ್ಲಿ ಹಾಗೆ ನಿಂತು ನೋಡುತ್ತಿದ್ದೆ. ಬೇವಿನ ಮರದ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜೊತೆ ಚಪ್ಪಲಿ, ಒಂದಿಷ್ಟು ಚೀಲ. ಅವನ್ನು ಕಾಯುತ್ತ ಒಬ್ಬ ಹುಡುಗ ಕೂತಿದ್ದ. ಒಂದು ಕಾಲಿಗೆ ಕ್ಯಾಲಿಪರ್, ಅಂದರೆ ಬಲವಿಲ್ಲದ ಕಾಲಿಗೆ ಆಸರೆಯಾಗಿ ಕಟ್ಟುವ ಚೌಕಟ್ಟು. ಖೋಖೋದಲ್ಲಿ ಯಾರು ಔಟಾದರು ಎಂಬುದನ್ನು ಪಿ.ಟಿ. ಮಾಸ್ತರರ ಸೀಟಿಗಿಂತ ಮೊದಲೇ ಕೂಗಿ ಹೇಳುತ್ತಿದ್ದವನು ಅವನೇ.

ಅವನನ್ನು ಕರೆದುಕೊಂಡು ಹೋಗಲು ಬಂದ ತಾಯಿ ಕೇಳಿದರು: “ಈ ಸಲ ಎಲ್ಲಾ ಹುಡುಗರ್ನೂ ಆಟಕ್ಕ ಸೇರಿಸ್ಕೋಬೇಕಂತ ಸಾಲ್ಯಾಗ ಮಾತಾಡಾಕತ್ಯಾರ ಅಣ್ಣಾರ. ಓಡಾಕ ಬರಲಾರದವನ್ನ ಹೆಂಗ ಸೇರಿಸ್ಕೋತಾರ? ಬಿದ್ದು ಗಿದ್ದನಂದ್ರ?”

ಈ ಪ್ರಶ್ನೆ ಈಗ ಆ ತಾಯಿಯೊಬ್ಬರದೇ ಅಲ್ಲ. 2025ರ ನವೆಂಬರ್‌ನಲ್ಲಿ ಭಾರತದ ಅಂಧ ಮಹಿಳೆಯರ ತಂಡ ಕೊಲಂಬೊದಲ್ಲಿ ನೇಪಾಳವನ್ನು ಸೋಲಿಸಿ ಮೊದಲ ಟಿ20 ವಿಶ್ವಕಪ್ ಗೆದ್ದಿತು. ಆ ತಂಡದ ನಾಯಕಿ ನಮ್ಮ ಕರ್ನಾಟಕದವರೇ ಆದ ದೀಪಿಕಾ ಟಿ.ಸಿ. ಕಣ್ಣು ಕಾಣದವರು ಕ್ರಿಕೆಟ್ ಆಡುತ್ತಾರೆಂದರೆ ನಮ್ಮ ಶಾಲೆಯ ಮಕ್ಕಳು ಯಾಕೆ ಕಟ್ಟೆಯ ಮೇಲೇ ಉಳಿದಿದ್ದಾರೆ ಎಂದು ಪಾಲಕರು ಕೇಳುವುದು ಸಹಜ.

ವಿಶೇಷ ಅಗತ್ಯ ಎಂದರೆ ಏನು?

ಕಲಿಯಲು, ಓಡಾಡಲು, ನೋಡಲು, ಕೇಳಲು, ಮಾತಾಡಲು ಅಥವಾ ಇತರರೊಂದಿಗೆ ಬೆರೆಯಲು ಉಳಿದವರಿಗಿಂತ ಬೇರೆ ಬಗೆಯ ನೆರವು ಬೇಕಾದ ಮಕ್ಕಳನ್ನು ಶಿಕ್ಷಣ ಇಲಾಖೆ ‘ವಿಶೇಷ ಅಗತ್ಯವುಳ್ಳ ಮಕ್ಕಳು’ ಎನ್ನುತ್ತದೆ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯವನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ (ಇತರರೊಂದಿಗೆ ಬೆರೆಯಲು, ಮಾತಾಡಲು ಕಷ್ಟವಾಗುವುದು), ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು), ಬೌದ್ಧಿಕ ಬೆಳವಣಿಗೆಯ ಕೊರತೆ, ಕಲಿಕಾ ನ್ಯೂನತೆ, ತಲಸೇಮಿಯಾ ಎಲ್ಲವೂ ಈ ಪಟ್ಟಿಯಲ್ಲಿವೆ.

ಆಟದ ಮಟ್ಟಿಗೆ ಈ ಪಟ್ಟಿಗಿಂತ ಮುಖ್ಯವಾದ ಮಾತೊಂದಿದೆ. ಒಂದೇ ಹೆಸರಿನ ಸಮಸ್ಯೆಯಿರುವ ಇಬ್ಬರು ಮಕ್ಕಳ ಶಕ್ತಿ ಒಂದೇ ಆಗಿರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಒಬ್ಬಳು ಕೋಲು ಹಿಡಿದು ಓಡಬಲ್ಲಳು, ಇನ್ನೊಬ್ಬಳಿಗೆ ಕತ್ತು ನೇರವಾಗಿ ನಿಲ್ಲಿಸುವುದೇ ಕಷ್ಟ. ಆದ್ದರಿಂದ ಏನು ಕಾಯಿಲೆ ಎಂಬ ಪ್ರಶ್ನೆಯಿಂದ ಶಿಕ್ಷಕರಿಗೆ ಹೆಚ್ಚು ಉಪಯೋಗವಿಲ್ಲ. ಏನು ಮಾಡಬಲ್ಲ, ಯಾವುದು ಇಷ್ಟ, ಎಲ್ಲಿ ಅಡ್ಡಿಯಾಗುತ್ತದೆ ಎಂದು ಕೇಳಿದರೆ ಆಟ ಹೊಂದಿಸಲು ದಾರಿ ಸಿಗುತ್ತದೆ.

ಸೇರಿಸಿಕೊಳ್ಳುವುದು ಬೇರೆ, ನಿಲ್ಲಿಸಿಕೊಳ್ಳುವುದು ಬೇರೆ

ಓಣಿಯ ಆಟದಲ್ಲಿ ತೀರ ಸಣ್ಣ ತಮ್ಮನೋ ತಂಗಿಯೋ ಅಳುತ್ತ ಬಂದರೆ ದೊಡ್ಡವರು ಸೇರಿಸಿಕೊಳ್ಳುತ್ತಿದ್ದುದು ಹೇಗೆಂದು ನೆನಪಿರಬಹುದು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆ ಮಗು ಓಡುತ್ತಿತ್ತು, ಕೂಗುತ್ತಿತ್ತು, ಆದರೆ ಅದು ಔಟಾದರೂ ಔಟಲ್ಲ, ಮುಟ್ಟಿದರೂ ಮುಟ್ಟಿದಂತಲ್ಲ.

ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಸೇರಿಸಿಕೊಂಡಿದ್ದೇವೆ ಎನ್ನುವ ಬಹಳ ಕಡೆ ನಡೆಯುತ್ತಿರುವುದು ಇದೇ. ಹುಡುಗನಿಗೆ ಜೆರ್ಸಿ ಹಾಕಿಸಿ ಬೌಂಡರಿ ಬಳಿ ನಿಲ್ಲಿಸುತ್ತಾರೆ. ಇಲ್ಲವೇ ಅವನ ಕೈಗೆ ಸ್ಕೋರ್ ಬರೆಯುವ ವಹಿ ಕೊಡುತ್ತಾರೆ. ಇನ್ನೂ ಕೆಲವು ಕಡೆ ಎದುರಾಳಿಗಳು ಬೇಕೆಂದೇ ಚೆಂಡು ಬಿಟ್ಟು ಚಪ್ಪಾಳೆ ತಟ್ಟುತ್ತಾರೆ. ತಟ್ಟುವವರ ಮನಸ್ಸು ಒಳ್ಳೆಯದೇ. ಆದರೆ ತನಗಾಗಿ ಬಿಟ್ಟುಕೊಟ್ಟರೆಂಬುದು ಮಗುವಿಗೆ ತಿಳಿಯುತ್ತದೆ. ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ.

ಎಲ್ಲರನ್ನೂ ಒಳಗೊಳ್ಳುವ ತಂಡದ ಆಟಕ್ಕೆ, ಅಂದರೆ ಸಮನ್ವಯ ಕ್ರೀಡೆಗೆ, ಇರುವ ಪರೀಕ್ಷೆ ಒಂದೇ: ಆ ಮಗು ಆಡದಿದ್ದರೆ ತಂಡದ ಫಲಿತಾಂಶ ಬದಲಾಗುತ್ತದೆಯೇ? ಬದಲಾಗುತ್ತದೆ ಎಂದಾದರೆ ಮಗು ಲೆಕ್ಕಕ್ಕಿದೆ. ಇಲ್ಲವಾದರೆ ಜೆರ್ಸಿ ಮಾತ್ರ ತಂಡದಲ್ಲಿದೆ.

ಹೆಸರುಗಳ ಗೊಂದಲ

ಪ್ಯಾರಾಲಿಂಪಿಕ್ಸ್, ಡೆಫ್ಲಿಂಪಿಕ್ಸ್, ಸ್ಪೆಷಲ್ ಒಲಿಂಪಿಕ್ಸ್ ಎಲ್ಲ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಕಿವಿ ಕೇಳದವರ ಡೆಫ್ಲಿಂಪಿಕ್ಸ್ ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು, 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು. ಮುಖ್ಯವಾಗಿ ದೈಹಿಕ ಮತ್ತು ದೃಷ್ಟಿ ನ್ಯೂನತೆ ಇರುವ ಉನ್ನತ ಮಟ್ಟದ ಆಟಗಾರರ ಪ್ಯಾರಾಲಿಂಪಿಕ್ಸ್ 1960ರಲ್ಲಿ ರೋಮ್‌ನಲ್ಲಿ ಆರಂಭವಾಯಿತು. ಸ್ಪೆಷಲ್ ಒಲಿಂಪಿಕ್ಸ್ ಬೌದ್ಧಿಕ ಬೆಳವಣಿಗೆಯ ಕೊರತೆ ಇರುವವರದು. ಯೂನಿಸ್ ಕೆನಡಿ ಶ್ರೈವರ್ 1968ರಲ್ಲಿ ಶಿಕಾಗೊದಲ್ಲಿ ಅದನ್ನು ಆರಂಭಿಸಿದರು. 2023ರಲ್ಲಿ ಬರ್ಲಿನ್‌ನಲ್ಲಿ ನಡೆದ ಅದರ ವಿಶ್ವ ಕ್ರೀಡಾಕೂಟದಲ್ಲಿ ಭಾರತ 202 ಪದಕ ಗೆದ್ದಿತ್ತು.

ಈ ಮೂರರಲ್ಲೂ ವಿಕಲಚೇತನರು ಬಹುಮಟ್ಟಿಗೆ ವಿಕಲಚೇತನರ ಜೊತೆಗೇ ಆಡುತ್ತಾರೆ. ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನಾಚರಣೆಗೆ ನಮ್ಮ ತಾಲೂಕುಗಳಲ್ಲಿ ನಡೆಯುವ ಆಟೋಟಗಳೂ ಹಾಗೆಯೇ. ಅವು ಬೇಕು. ತನ್ನಂಥವರೊಂದಿಗೆ ಸರಿಸಮನಾಗಿ ಸ್ಪರ್ಧಿಸುವ ಸುಖ ಬೇರೆಯೇ. ಆದರೆ ತಾಯಿ ಕೇಳಿದ್ದು ಆ ಒಂದು ದಿನದ ಬಗ್ಗೆ ಅಲ್ಲ, ವರ್ಷವಿಡೀ ತನ್ನ ತರಗತಿಯ ಹುಡುಗರೊಂದಿಗೆ ಮಗ ಆಡುವ ಬಗ್ಗೆ.

ಅದಕ್ಕೆ ಹತ್ತಿರದ ಮಾದರಿ ಸ್ಪೆಷಲ್ ಒಲಿಂಪಿಕ್ಸ್‌ನ ಒಳಗೇ ಹುಟ್ಟಿದ ‘ಯೂನಿಫೈಡ್ ಸ್ಪೋರ್ಟ್ಸ್’. ಇದರಲ್ಲಿ ಬೌದ್ಧಿಕ ಕೊರತೆ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿರುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕಣದಲ್ಲಿರುವ ಐವರಲ್ಲಿ ಮೂವರು ವಿಶೇಷ ಆಟಗಾರರು, ಇಬ್ಬರು ಜೊತೆಗಾರರು. ವಾಲಿಬಾಲ್‌ನ ಆರರಲ್ಲಿ ಮೂರು ಮತ್ತು ಮೂರು. ಏಳು ಜನರ ಫುಟ್‌ಬಾಲ್‌ನಲ್ಲಿ ನಾಲ್ಕು ಮತ್ತು ಮೂರು. ಜೊತೆಗಾರರು ಆಟವನ್ನು ತಮ್ಮ ಕೈಗೇ ತೆಗೆದುಕೊಳ್ಳುವಂತಿಲ್ಲ. ವಯಸ್ಸು, ಆಟದ ಮಟ್ಟ ಎರಡೂ ಆದಷ್ಟು ಹೊಂದುವಂತೆ ತಂಡ ಕಟ್ಟಬೇಕು. ಜಿಲ್ಲಾ ಮಟ್ಟದ ಆಟಗಾರನೊಬ್ಬನನ್ನು ತಂದು ಜೊತೆಗಾರನೆಂದು ನಿಲ್ಲಿಸಿದರೆ ಅದು ಅವನೊಬ್ಬನ ಆಟವಾಗಿಬಿಡುತ್ತದೆ.

ನಿಯಮವೇ ತಕ್ಕಡಿ

ಅಂಧರ ಕ್ರಿಕೆಟ್ ನೋಡಿ. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಸಣ್ಣ ಕಬ್ಬಿಣದ ಗುಂಡುಗಳಿದ್ದು ಉರುಳುವಾಗ ಸದ್ದು ಮಾಡುತ್ತವೆ. ಬೌಲಿಂಗ್ ಕೈ ಕೆಳಗಿನಿಂದ, ಪಿಚ್‌ನ ನಡು ದಾಟುವ ಮೊದಲೇ ಚೆಂಡು ನೆಲಕ್ಕೆ ತಾಗಬೇಕು. ಬೌಲರ್ ‘ರೆಡಿ?’ ಎಂದು ಕೇಳಿ, ಬ್ಯಾಟರ್ ‘ಎಸ್’ ಅಂದ ಮೇಲೆ ‘ಪ್ಲೇ’ ಎಂದು ಕೂಗಿ ಎಸೆಯಬೇಕು. ಇವು ಕಾಣದವರಿಗೆ ಆಟ ತಲುಪಿಸುವ ನಿಯಮಗಳು.

ಅದಕ್ಕಿಂತ ಆಳವಾದದ್ದು ತಂಡ ಕಟ್ಟುವ ನಿಯಮ. ಆಟಗಾರರಲ್ಲಿ ಮೂರು ವರ್ಗ: ಪೂರ್ತಿ ಕಾಣದವರು ಬಿ1, ಸ್ವಲ್ಪ ಕಾಣುವವರು ಬಿ2, ಇನ್ನೂ ತುಸು ಹೆಚ್ಚು ಕಾಣುವವರು ಬಿ3. ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಬಿ1 ಇರಲೇಬೇಕು. ಬಿ1 ಬ್ಯಾಟರ್ ಹೊಡೆದ ಪ್ರತಿ ರನ್ನಿಗೆ ಎರಡು ರನ್. ಒಮ್ಮೆ ನೆಲಕ್ಕೆ ಪುಟಿದ ಚೆಂಡನ್ನು ಅವರು ಹಿಡಿದರೂ ಕ್ಯಾಚ್. ಇಷ್ಟಾದ ಮೇಲೆ ಯಾವ ನಾಯಕರಿಗೂ ಬಿ1 ಆಟಗಾರರನ್ನು ಮೂಲೆಗೆ ತಳ್ಳುವುದು ಲಾಭವಲ್ಲ. ಗೆಲ್ಲಬೇಕೆಂದರೆ ಅವರನ್ನೇ ಚೆನ್ನಾಗಿ ತಯಾರು ಮಾಡಬೇಕು.

ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದೇ ಲೆಕ್ಕ ಇನ್ನೊಂದು ರೂಪದಲ್ಲಿದೆ. ದೇಹದ ಹಿಡಿತ ಎಷ್ಟಿದೆ ಎಂಬುದನ್ನು ನೋಡಿ ಪ್ರತಿಯೊಬ್ಬರಿಗೂ 1ರಿಂದ 4.5ರವರೆಗೆ ಅಂಕ ಕೊಡುತ್ತಾರೆ. ಹೆಚ್ಚು ಹಿಡಿತವಿದ್ದವರಿಗೆ ಹೆಚ್ಚು ಅಂಕ. ಅಂಕಣದಲ್ಲಿರುವ ಐವರ ಮೊತ್ತ 14 ದಾಟಬಾರದು. ಸಂತೆಗೆ ಹೋದವರ ಕೈಯಲ್ಲಿ ಹದಿನಾಲ್ಕೇ ರೂಪಾಯಿ ಇದ್ದಂತೆ: ನಾಲ್ಕೂವರೆಯ ಸಾಮಾನು ಮೂರು ಕೊಂಡರೆ ಉಳಿಯುವುದು ಐವತ್ತು ಪೈಸೆ, ಇನ್ನಿಬ್ಬರನ್ನು ತರಲಾಗದು. ಹಾಗಾಗಿ ಒಂದು ಅಂಕದ ಆಟಗಾರನಿಗೆ ತಂಡದಲ್ಲಿ ಬೆಲೆ ಬರುತ್ತದೆ.

ಎಲ್ಲರನ್ನೂ ಒಂದೇ ಸ್ಥಿತಿಗೆ ತರುವ ದಾರಿಯೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪಿಸಿದ ಗೋಲ್‌ಬಾಲ್‌ನಲ್ಲಿ ತಂಡಕ್ಕೆ ಮೂವರು. ಗಂಟೆ ಅಡಗಿಸಿದ ಚೆಂಡನ್ನು ಉರುಳಿಸುತ್ತಾರೆ, ಎದುರಿನವರು ಸದ್ದು ಹಿಡಿದು ಅಡ್ಡ ಮಲಗಿ ತಡೆಯುತ್ತಾರೆ. ಆಡುವ ಎಲ್ಲರೂ ಕಣ್ಣುಪಟ್ಟಿ ಕಟ್ಟಲೇಬೇಕು, ನೋಡುವವರು ಸದ್ದು ಮಾಡುವಂತಿಲ್ಲ. ಅಂಕಣದ ಗೆರೆಗಳ ಕೆಳಗೆ ದಾರ ಇಟ್ಟು ಮೇಲೆ ಟೇಪ್ ಅಂಟಿಸಿರುತ್ತಾರೆ, ಬೆರಳಿಗೆ ಗೆರೆ ಸಿಗಲೆಂದು. ಶಾಲೆಯಲ್ಲಿ ಕಣ್ಣು ಕಾಣುವ ಮಕ್ಕಳೂ ಪಟ್ಟಿ ಕಟ್ಟಿಕೊಂಡು ಇದನ್ನು ಆಡಬಹುದು. ಆಗ ಮೊದಲಿನಿಂದಲೂ ಕಿವಿಯನ್ನೇ ನಂಬಿ ಬೆಳೆದ ಹುಡುಗಿ ಉಳಿದವರಿಗೆ ಹೇಳಿಕೊಡುವವಳಾಗುತ್ತಾಳೆ.

ನಮ್ಮೂರ ಮೈದಾನಕ್ಕೆ ಇಳಿಸುವುದು ಹೇಗೆ?

ಇದಕ್ಕೆಲ್ಲ ವಿಶೇಷ ಸಾಮಾನು, ಸಿಮೆಂಟಿನ ಅಂಕಣ ಬೇಕಲ್ಲ ಎಂದು ಅನಿಸಬಹುದು. ದೈಹಿಕ ಶಿಕ್ಷಣದಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ಆಟ ಹೊಂದದಿದ್ದರೆ ನಾಲ್ಕರಲ್ಲಿ ಒಂದನ್ನು ಬದಲಿಸಿ ನೋಡಿ: ಜಾಗ, ಕೆಲಸ, ಸಾಮಾನು, ಜನ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಮಕ್ಕಳಿಗೆ ತಮ್ಮ ಆಟವೆಂದು ಗುರುತು ಸಿಗುವಷ್ಟು ಹಳೆಯದು ಉಳಿಯಬೇಕು.

ಜಾಗದಿಂದಲೇ ಶುರು ಮಾಡೋಣ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಅಂಟುತ್ತದೆ. ಎರಡೂ ಕಾಲದಲ್ಲಿ ಗಾಲಿಕುರ್ಚಿ ಅಲ್ಲೇ ಹೂತುಕೊಳ್ಳುತ್ತದೆ, ಊರುಗೋಲಿನ ತುದಿ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ. ಇಡೀ ಮೈದಾನ ಸರಿಮಾಡಲು ಆಗದಿದ್ದರೂ ಒಂದು ಮೂಲೆಗೆ ಗರಸು ಹಾಕಿ ತುಳಿದು ಗಟ್ಟಿ ಮಾಡಿದರೆ ಸಾಕು, ಮಗು ಆಡುವ ಜಾಗ ಸಿದ್ಧ.

ಖೋಖೋ ಸಾಧ್ಯವೇ ಇಲ್ಲ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ನಿಜವಾಗಿ ಇದು ಹೊಂದಿಸಲು ಬಹಳ ಒಳ್ಳೆಯ ಆಟ. ಅಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಕೂತೇ ಇರುತ್ತಾರೆ! ಅಟ್ಟುವವನು ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ, ಆ ಬಿಗಿಯೇ ತಪ್ಪಿಸಿಕೊಳ್ಳುವವರಿಗೆ ಬಲ. ಈಗ ಓಡಲಾಗದ ಹುಡುಗನನ್ನು ನಡುವಿನ ಚೌಕದಲ್ಲಿ ಕುರ್ಚಿಯ ಮೇಲೆ ಕೂರಿಸಿ. ಅವನ ಅಕ್ಕಪಕ್ಕದ ಚೌಕಗಳನ್ನು ಕೈ ಎಟಕುವಷ್ಟು ಹತ್ತಿರ ಎಳೆಯಿರಿ. ಅವನಿಗೆ ಖೋ ಬಂದರೆ ಅವನು ಏಳಬೇಕಿಲ್ಲ. ಎಡಕ್ಕಾದರೂ ಬಲಕ್ಕಾದರೂ ತಕ್ಷಣ ಖೋ ದಾಟಿಸಬಹುದು. ಯಾವ ಕಡೆ ಎಂಬುದು ಓಡುವವರಿಗೆ ಗೊತ್ತಾಗುವುದಿಲ್ಲ. ತಂಡದಲ್ಲಿ ದಿಕ್ಕು ಬದಲಿಸುವ ಅಧಿಕಾರ ಇರುವವನು ಅವನೊಬ್ಬನೇ. ಆಟ ಓದುವ ಚುರುಕು ಅವನಿಗಿದ್ದರೆ ಅಂಕ ಬರುವುದೇ ಅವನಿಂದ.

ಕಬಡ್ಡಿಯಲ್ಲಿ ತೊಂದರೆ ಹಿಡಿತದ್ದು. ಮೂಳೆ, ಕೀಲು ಸೂಕ್ಷ್ಮವಾಗಿರುವ ಮಕ್ಕಳಿದ್ದರೆ ಎಲ್ಲರಿಗೂ ಮುಟ್ಟುವ ಕಬಡ್ಡಿ ಇಡಬಹುದು. ಸೊಂಟಕ್ಕೆ ಒಂದು ಬಟ್ಟೆಯ ಚೂರು ಸಿಕ್ಕಿಸಿ, ಅದನ್ನು ಕಿತ್ತರೆ ಹಿಡಿದ ಲೆಕ್ಕ. ಕಿವಿ ಕೇಳದ, ಮಾತು ಬಾರದ ಹುಡುಗಿ ರೈಡ್ ಹೋದಾಗ ‘ಕಬಡ್ಡಿ ಕಬಡ್ಡಿ’ ಅನ್ನಲಾಗದು. ಅವಳಿಗೆ ಉಸಿರಿನ ಬದಲು 30 ಸೆಕೆಂಡಿನ ಗಡಿಯೊಂದೇ ಸಾಕು. ಸೀಟಿಯ ಜೊತೆಗೆ ಬಣ್ಣದ ಬಾವುಟ ಎತ್ತಿದರೆ ಅವಳಿಗೂ ತಿಳಿಯುತ್ತದೆ. ಸೀಟಿಯ ಕಿರುಚು ತಡೆಯದ ಆಟಿಸಂ ಮಕ್ಕಳಿಗಂತೂ ಬಾವುಟವೇ ಒಳ್ಳೆಯದು. ಅಂಥ ಮಕ್ಕಳಿಗೆ ಇಂದು ಏನಾಡುತ್ತೇವೆ, ಮುಂದೇನು, ಯಾವಾಗ ಮುಗಿಯುತ್ತದೆ ಎಂಬುದನ್ನು ಚಿತ್ರ ಬರೆದು ಮೊದಲೇ ತೋರಿಸಿದರೆ ಅರ್ಧ ಕಷ್ಟ ಕಳೆಯುತ್ತದೆ.

ವಾಲಿಬಾಲ್‌ಗೆ ತಯಾರಾದ ರೂಪವೇ ಇದೆ. ಕೂತು ಆಡುವ ವಾಲಿಬಾಲ್ 1950ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬೆಳೆಯಿತು. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ಬಲೆಯ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಚೆಂಡು ಮುಟ್ಟುವಾಗ ಕುಂಡಿ ನೆಲ ಬಿಡಬಾರದು. ತಾಡಪತ್ರಿ ಹಾಸಿ, ಎರಡು ಗೂಟಕ್ಕೆ ಹಗ್ಗ ಕಟ್ಟಿದರೆ ಅಂಕಣ ತಯಾರು. ಕಾಲಿನ ಬಲ ಇಲ್ಲಿ ಯಾರಿಗೂ ಕೆಲಸಕ್ಕೆ ಬರುವುದಿಲ್ಲ. ನಿಂತು ಆಡುವಾಗ ಶೂರರಾದವರು ಮೊದಲ ದಿನ ಇಲ್ಲಿ ಅತ್ತಿತ್ತ ಸರಿಯಲಾರದೆ ಒದ್ದಾಡುತ್ತಾರೆ. ತೋಳ ಬಲದ ಮೇಲೆ ಸರಿದು ರೂಢಿಯಿರುವ ಮಗು ಸಲೀಸಾಗಿ ಚೆಂಡಿನ ಕೆಳಗಿರುತ್ತದೆ.

ಸದ್ದಿನ ಚೆಂಡು ಪೇಟೆಯಿಂದ ಬರುವ ತನಕ ಕಾಯಬೇಕಿಲ್ಲ. ಸಾಮಾನ್ಯ ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೂ ಉರುಳುವಾಗ ಚರಚರ ಎನ್ನುತ್ತದೆ. ಒಳಗೆ ಎರಡು ಗೆಜ್ಜೆ ಸೇರಿಸಿದರೆ ಇನ್ನೂ ಸ್ಪಷ್ಟ. ಕಾರಹುಣ್ಣಿಮೆಗೆ ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಸರ ನಮ್ಮ ಕಡೆ ಎಷ್ಟು ಮನೆಗಳಲ್ಲಿಲ್ಲ! ಲಗೋರಿಗಂತೂ ಇಷ್ಟೂ ಬೇಡ. ಕಲ್ಲಿನ ಬದಲು ಅಗಲವಾದ ಮರದ ತುಂಡುಗಳನ್ನಿಟ್ಟರೆ ನಡುಗುವ ಕೈಗಳೂ ಜೋಡಿಸಬಲ್ಲವು. ಕೊನೆಯ ಬಿಲ್ಲೆಯನ್ನು ಇಂಥವರೇ ಇಡಬೇಕು ಎಂದು ನಿಯಮ ಮಾಡಿದರೆ ಉಳಿದವರೆಲ್ಲ ಆ ಮಗುವನ್ನು ಚೆಂಡಿನಿಂದ ಕಾಯುತ್ತಾರೆ.

ಬಲಶಾಲಿ ಮಕ್ಕಳಿಗೆ ಆಟ ಕೆಡುವುದಿಲ್ಲವೇ?

ಇದು ಪಾಲಕರು ಮೆಲ್ಲಗೆ ಕೇಳುವ ಪ್ರಶ್ನೆ, ಕೇಳಬೇಕಾದದ್ದೂ ಹೌದು. ಜಿಲ್ಲಾ ಮಟ್ಟಕ್ಕೆ ತಯಾರಾಗುತ್ತಿರುವ ಹುಡುಗಿಗೆ ಅವಳ ವೇಗದ ತಾಲೀಮು ಬೇಕೇ ಬೇಕು. ಅದನ್ನು ಕಿತ್ತುಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಕ್ರೀಡಾಕೂಟದ ಆಯ್ಕೆ ತಂಡ ಬೇರೆ, ವಾರದ ಆಟದ ಅವಧಿ ಬೇರೆ. ಎರಡೂ ಅವಳಿಗೆ ಸಿಗಬಹುದು. ಪ್ರತಿಯೊಂದು ಆಟವನ್ನೂ ಎಲ್ಲರೂ ಕೂಡಿಯೇ ಆಡಬೇಕೆಂದೂ ಇಲ್ಲ. ಕೆಲವು ಬದಲಾಯಿಸಿ ಕೂಡಿ ಆಡುವಂಥವು, ಕೆಲವು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಆಡುವಂಥವು, ಕೆಲವು ಬೇರೆಯಾಗಿಯೇ ಆಡುವಂಥವು.

ಕೂಡಿ ಆಡಿದರೆ ಉಳಿದವರಿಗೂ ಒಂದು ಬದಲಾವಣೆ ಆಗುತ್ತದೆ. ಬೇರೆ ಬೇರೆ ಗುಂಪಿನ ಜನ ಒಬ್ಬರ ಬಗ್ಗೆ ಒಬ್ಬರು ಇಟ್ಟುಕೊಂಡ ತಪ್ಪು ಕಲ್ಪನೆ ಯಾವಾಗ ಕರಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಿವರಿಸಿದ್ದರು. ಬರೀ ಹತ್ತಿರ ಕೂತರೆ ಸಾಲದು. ಇಬ್ಬರ ಸ್ಥಾನ ಸಮವಾಗಿರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಮೇಲಿನವರ ಬೆಂಬಲ ಇರಬೇಕು. ಒಂದೇ ಬೆಂಚಿನಲ್ಲಿ ಐದು ವರ್ಷ ಕೂತ ಮಕ್ಕಳಿಗೂ ಈ ನಾಲ್ಕು ಸಿಗದೆ ಹೋಗಬಹುದು. ಸರಿಯಾಗಿ ಆಡಿಸಿದ ಒಂದು ಖೋಖೋದಲ್ಲಿ ನಾಲ್ಕೂ ಸಿಗುತ್ತವೆ.

ಬಿದ್ದು ಗಿದ್ದನಂದ್ರ?

ಬೀಳುತ್ತಾನೆ, ಎಲ್ಲ ಮಕ್ಕಳಂತೆ. ಮಂಡಿ ತರಚಿದರೆ ತೊಳೆದು ಪಟ್ಟಿ ಕಟ್ಟಿದರಾಯಿತು. ಕೆಲವು ವಿಷಯದಲ್ಲಿ ಮಾತ್ರ ನಿಜವಾದ ಎಚ್ಚರ ಬೇಕು.

ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ಜೋಡಣೆ ಸಡಿಲವಾಗಿರುತ್ತದೆ. ವೈದ್ಯರು ನೋಡಿ ಹೇಳುವ ತನಕ ಲಾಗ ಹಾಕುವುದು, ತಲೆಯಿಂದ ಚೆಂಡು ಹೊಡೆಯುವುದು, ಕಬಡ್ಡಿಯ ಹಿಡಿತ ಬೇಡ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಭಾಗದಲ್ಲಿ ಬೆವರು ಸರಿಯಾಗಿ ಬರುವುದಿಲ್ಲ, ಆದ್ದರಿಂದ ಮೈ ಬೇಗ ಕಾಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದನ್ನು ಮರೆಯುವಂತಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲಿನ ಹೊತ್ತು, ನೆರಳು, ಆಗಾಗ ನೀರು ಬೇಕೇ ಬೇಕು.

ಮೂರ್ಛೆರೋಗ ಇರುವ ಮಗು ಆಡಬಾರದೆಂದೇನಿಲ್ಲ. ಮಾತ್ರೆ ತಪ್ಪಬಾರದು, ಎತ್ತರ ಹತ್ತುವ ಮತ್ತು ನೀರಿಗಿಳಿಯುವ ಆಟಗಳಲ್ಲಿ ಒಬ್ಬರು ಜೊತೆಗಿರಬೇಕು. ಮೈದಾನದಲ್ಲಿ ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದು ಇಡಿ, ಸುತ್ತ ಗಾಳಿಗೆ ಜಾಗ ಬಿಡಿ. ಕೈಗೆ ಕೀಲಿಕೈ ಹಿಡಿಸುವುದು, ಮೂಗಿಗೆ ಉಳ್ಳಾಗಡ್ಡಿ ಒಡ್ಡುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಕಾನೂನು ಏನೆನ್ನುತ್ತದೆ, ಯಾರನ್ನು ಕೇಳಬೇಕು?

2016ರ ಕಾಯ್ದೆಯ 16ನೆಯ ಕಲಮಿನ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ವಿಕಲಚೇತನ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಓದಿನ ಜೊತೆಗೆ ಕ್ರೀಡೆ ಮತ್ತು ಮನರಂಜನೆಯಲ್ಲೂ ಇತರರಿಗೆ ಸಮನಾದ ಅವಕಾಶ ಕೊಡಬೇಕು. 30ನೆಯ ಕಲಮು ಕ್ರೀಡಾ ಸೌಲಭ್ಯಗಳನ್ನು ಅವರಿಗೆ ಹೊಂದುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಆದ್ದರಿಂದ ಮಗನನ್ನು ಆಟಕ್ಕೆ ಸೇರಿಸಿಕೊಳ್ಳಿ ಎಂದು ಕೇಳುವ ತಾಯಿ ಉಪಕಾರ ಬೇಡುತ್ತಿಲ್ಲ.

ಮೊದಲು ಮಾತಾಡಬೇಕಾದದ್ದು ಮುಖ್ಯೋಪಾಧ್ಯಾಯರು ಮತ್ತು ಪಿ.ಟಿ. ಶಿಕ್ಷಕರ ಜೊತೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಕ್ರೀಡಾ ಅನುದಾನವಿದೆ: ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ. ಅದರಲ್ಲಿ ಒಂದು ಸದ್ದಿನ ಚೆಂಡು, ನಾಲ್ಕು ಬಾವುಟ ಕೊಳ್ಳುವುದು ಕಷ್ಟವಲ್ಲ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಈ ಮಕ್ಕಳಿಗೆಂದೇ ತರಬೇತಾದ ಬಿ.ಐ.ಇ.ಆರ್.ಟಿ. ಶಿಕ್ಷಕರಿರುತ್ತಾರೆ. ಯಾವ ಮಗುವಿಗೆ ಯಾವ ಹೊಂದಾಣಿಕೆ ಬೇಕು ಎಂದು ಹೇಳುವವರು ಅವರು. ಕ್ಯಾಲಿಪರ್, ಗಾಲಿಕುರ್ಚಿ, ಕಿವಿಯ ಯಂತ್ರಕ್ಕೆ ವೈದ್ಯಕೀಯ ತಪಾಸಣಾ ಶಿಬಿರಗಳ ಮಾಹಿತಿಯೂ ಅಲ್ಲೇ ಸಿಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿ, ಅರ್ಜಿ ಕೆಲಸಕ್ಕೆ ನೆರವಾಗುತ್ತಾರೆ.

ಇವರೆಲ್ಲರಿಗಿಂತ ಮೊದಲು ಕೇಳಬೇಕಾದ ಒಬ್ಬರನ್ನು ನಾವು ಮರೆಯುತ್ತೇವೆ. ಬೇವಿನ ಕಟ್ಟೆಯ ಆ ಹುಡುಗನಿಗೆ, ನಿನಗೆ ಯಾವ ಆಟ ಬೇಕು ಎಂದೆ. ತಾಯಿ “ಕೇರಂ ಆಡ್ತಾನ್ರಿ, ಮನ್ಯಾಗ” ಎಂದರು. ಅವನು ತಲೆ ಅಲ್ಲಾಡಿಸಿದ. ಮೈದಾನದ ನಡು ಚೌಕದ ಕಡೆ ಕೈ ತೋರಿಸಿ, “ನಾ ಅಲ್ಲಿ ಕುಂದ್ರತೀನಿ. ಖೋ ಕೊಡತೀನಿ” ಎಂದ.